ನೆರೆಗಾಗಿ ಹುಟ್ಟಿದ ವಾಹನ

ನೀರಿನಲ್ಲಿ ತೇಲುವ, ನೆಲದ ಮೇಲೆ ಓಡುವ ಉಭಯಚರ ವಾಹನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸೈನಿಕರ ಚಿತ್ರ. ಇಲ್ಲವಾದರೆ ಕಾಡುಮೇಡು ಸುತ್ತುವ ಹಣವಂತರ ಹವ್ಯಾಸ. ಆದರೆ ಇಂಥ ವಾಹನಗಳ ಪೈಕಿ ಬಹಳ ಮುಖ್ಯವಾದ ಒಂದು ಹುಟ್ಟಿದ್ದು ಯುದ್ಧಕ್ಕೂ ಅಲ್ಲ, ವಿಹಾರಕ್ಕೂ ಅಲ್ಲ. ನೆರೆಯಲ್ಲಿ ಸಿಕ್ಕಿಬಿದ್ದವರನ್ನು ಬದುಕಿಸಬೇಕೆಂಬ ಯೋಚನೆಯಿಂದ. ಆ ಕಥೆ ಇಂದಿಗೂ ನಮಗೆ ಕಲಿಸುವುದು ಸಾಕಷ್ಟಿದೆ.

1928ರ ಸೆಪ್ಟೆಂಬರ್ 16ರ ರಾತ್ರಿ ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಭೀಕರ ಚಂಡಮಾರುತ ಬಡಿಯಿತು. ಒಕಿಚೋಬಿ ಎಂಬ ವಿಶಾಲ ಸರೋವರದ ಮಣ್ಣಿನ ಒಡ್ಡು ಒಡೆದು, ತಗ್ಗಿನಲ್ಲಿದ್ದ ಹೊಲಗದ್ದೆಗಳ ಮೇಲೆ ನೀರು ನುಗ್ಗಿತು. ಕನಿಷ್ಠ 2,500 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಾಗಿ ವಲಸೆ ಬಂದಿದ್ದ ಕರಿಯ ಕೃಷಿ ಕೂಲಿಗಳು. ಸಾವಿನಲ್ಲೂ ಸಮಾನತೆ ಇರಲಿಲ್ಲ. ವೆಸ್ಟ್ ಪಾಮ್ ಬೀಚ್ ನಗರದಲ್ಲಿ ಬಿಳಿಯರ ಶವಗಳಿಗೆ ಪೆಟ್ಟಿಗೆ ದೊರೆತವು; 674 ಕರಿಯರನ್ನು ಒಂದೇ ಗುಂಡಿಯಲ್ಲಿ ಹೂಳಲಾಯಿತು. ಆ ಜಾಗಕ್ಕೆ ದಶಕಗಳ ಕಾಲ ಒಂದು ಗುರುತಿನ ಕಲ್ಲೂ ಇರಲಿಲ್ಲ.

ಗಾಳಿ ನಿಂತ ಮೇಲೂ ಸಾವು ನಿಲ್ಲಲಿಲ್ಲ. ಜೌಗಿನ ನಡುವೆ ಉಳಿದವರ ಬಳಿಗೆ ಹೋಗುವುದು ಹೇಗೆ? ಲಾರಿ ಕೆಸರಿನಲ್ಲಿ ಹೂತುಹೋಗುತ್ತದೆ. ದೋಣಿ ಹುಲ್ಲು, ಬೇರು, ಮಣ್ಣುದಿಬ್ಬಗಳಿಗೆ ಸಿಕ್ಕಿ ನಿಲ್ಲುತ್ತದೆ. ಫ್ಲಾರಿಡಾದಲ್ಲಿ ನೆಲೆಸಿದ್ದ ಜಾನ್ ರೋಬ್ಲಿಂಗ್ ಎಂಬ ಶ್ರೀಮಂತರು ಇದನ್ನು ಕಂಡು ಮರುಗಿದರು. ನ್ಯೂಯಾರ್ಕಿನ ಪ್ರಸಿದ್ಧ ಬ್ರೂಕ್ಲಿನ್ ಸೇತುವೆಯನ್ನು ಕಟ್ಟಿದ ಮನೆತನ ಅವರದು. ದೋಣಿ ನೆಲಕ್ಕೆ ತಾಗುವ ಮತ್ತು ಲಾರಿ ಮುಳುಗುವ ಜಾಗಗಳ ನಡುವೆ ಓಡಾಡಬಲ್ಲ ವಾಹನವೊಂದನ್ನು ಮಾಡು ಎಂದು ಅವರು ತಮ್ಮ ಮಗ ಡೊನಾಲ್ಡ್‌ಗೆ ಹೇಳಿದರು. 1935ರಲ್ಲಿ ವಾಹನ ಸಿದ್ಧವಾಯಿತು. ಅದಕ್ಕೆ ಅವರಿಟ್ಟ ಹೆಸರು ‘ಆಲಿಗೇಟರ್’, ಅಂದರೆ ಮೊಸಳೆ.

ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟರು

ಡೊನಾಲ್ಡ್ ಮಾಡಿದ ಉಪಾಯ ಸರಳವಾದುದು. ಟ್ಯಾಂಕಿಗಿರುವಂತೆ ಎರಡೂ ಬದಿಗೆ ಸರಪಳಿ ಪಟ್ಟಿಗಳು. ಅವುಗಳ ಮೇಲೆ ಎದ್ದುನಿಂತ ಲೋಹದ ಹಲಗೆಗಳು. ನೆಲದ ಮೇಲೆ ಅವು ಮಣ್ಣನ್ನು ಕಚ್ಚಿ ಹಿಡಿಯುತ್ತವೆ, ನೀರಿನಲ್ಲಿ ದೋಣಿಯ ಹುಟ್ಟಿನಂತೆ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಬೇರೆ ಪ್ರೊಪೆಲ್ಲರ್ ಬೇಕಿಲ್ಲ. ಹಾಗಾಗಿ ಕಳೆಗೆ ಸಿಕ್ಕಿ ನಿಲ್ಲುವ ಭಯವೂ ಇಲ್ಲ.

ಮೊದಲ ಮಾದರಿ ಮಾತ್ರ ನಿರಾಸೆ ತಂದಿತು. ಸುಮಾರು ಆರೂವರೆ ಟನ್ ತೂಗುತ್ತಿದ್ದ ಅದು ನೆಲದ ಮೇಲೆ ಗಂಟೆಗೆ 40 ಕಿ.ಮೀ. ಓಡಿದರೂ ನೀರಿನಲ್ಲಿ 4 ಕಿ.ಮೀ. ಕೂಡ ಮುಟ್ಟಲಿಲ್ಲ. ಡೊನಾಲ್ಡ್ ಹಟ ಬಿಡದೆ ಅದನ್ನು ತಿದ್ದುತ್ತಾ ಹೋದರು. 1937ರ ಮಾದರಿಯ ತೂಕ ಸುಮಾರು ನಾಲ್ಕು ಟನ್ನಿಗೆ ಇಳಿಯಿತು. ನೀರಿನಲ್ಲಿ ವೇಗ ಸುಮಾರು 14 ಕಿ.ಮೀ.ಗೆ ಏರಿತು, ನೆಲದ ಮೇಲಿನ ವೇಗ 29 ಕಿ.ಮೀ.ಗೆ ಇಳಿಯಿತು. ಇದನ್ನು ಅವರು ಸೋಲೆಂದು ಎಣಿಸಲಿಲ್ಲ. ಸಂತ್ರಸ್ತರು ಇರುವುದು ನೀರಿನಲ್ಲಿ, ರಸ್ತೆಯಲ್ಲಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಈ ವಿವೇಕ ಎಲ್ಲರಿಗೂ ಇರಲಿಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಫೋರ್ಡ್ ಕಂಪೆನಿ ಜೀಪಿಗೆ ದೋಣಿಯ ಒಡಲು ತೊಡಿಸಿ ‘ಜಿಪಿಎ’ ಎಂಬ ವಾಹನವನ್ನು ತಯಾರಿಸಿತು. 12 ಸಾವಿರಕ್ಕೂ ಹೆಚ್ಚು ವಾಹನಗಳು ಹೊರಬಂದವು. ಆದರೆ ತೂಕ ಮಿತಿ ಮೀರಿತ್ತು. ನೀರಿನಲ್ಲಿ ಅಂಚು ತೀರಾ ಕೆಳಗೆ ಉಳಿದು, ಸಣ್ಣ ಅಲೆಗೂ ನೀರು ಒಳನುಗ್ಗುತ್ತಿತ್ತು. 1943ರಲ್ಲಿ ತಯಾರಿಕೆಯೇ ನಿಂತಿತು. ಯುದ್ಧದ ನಂತರ ಅಂಥದೇ ಒಂದು ವಾಹನ ಬಂಗಾಳದ ಕಲೈಕುಂಡ ವಾಯುನೆಲೆಯಲ್ಲಿ ಬೆನ್ ಕಾರ್ಲಿನ್ ಎಂಬ ಆಸ್ಟ್ರೇಲಿಯನ್ನರ ಕಣ್ಣಿಗೆ ಬಿತ್ತು. ಅವರು ಅಮೆರಿಕಕ್ಕೆ ಹೋಗಿ ಒಂದು ಜಿಪಿಎ ಕೊಂಡು, ಅದರ ಒಡಲನ್ನು ತಿದ್ದಿ, ಇಂಧನದ ತೊಟ್ಟಿಗಳನ್ನು ಸೇರಿಸಿ, 1950ರಿಂದ 1958ರವರೆಗೆ ಅದರಲ್ಲೇ ಭೂಮಿಯನ್ನು ಸುತ್ತಿದರು. ಆದರೆ ಒಬ್ಬ ಹಟವಾದಿಯ ಗೆಲುವು ವಾಹನದ ಗುಣಕ್ಕೆ ಸಾಕ್ಷಿಯಾಗುವುದಿಲ್ಲ.

ಮೊಸಳೆ ಯುದ್ಧಕ್ಕೆ ಹೋಯಿತು

1937ರಲ್ಲಿ ‘ಲೈಫ್’ ಪತ್ರಿಕೆ ಆಲಿಗೇಟರ್‌ನ ಚಿತ್ರಗಳನ್ನು ಪ್ರಕಟಿಸಿತು. ಅದು ಅಮೆರಿಕದ ಮರೀನ್ ಪಡೆಯ ಅಧಿಕಾರಿಗಳ ಕಣ್ಣಿಗೆ ಬಿತ್ತು. ನೆರೆ ಸಂತ್ರಸ್ತರಿಗಾಗಿ ಹುಟ್ಟಿದ ವಾಹನ 1941ರ ಹೊತ್ತಿಗೆ ‘ಎಲ್‌ವಿಟಿ’ ಎಂಬ ಹೆಸರಿನಲ್ಲಿ ಸೈನ್ಯಕ್ಕೆ ಸೇರಿತು. ಯುದ್ಧ ಮುಗಿಯುವಾಗ 18 ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. 1943ರ ನವೆಂಬರ್‌ನಲ್ಲಿ ಶಾಂತಸಾಗರದ ತರಾವಾ ದ್ವೀಪಗಳಲ್ಲಿ ದೋಣಿಗಳು ಹವಳದ ದಿಬ್ಬಗಳಿಗೆ ತಾಗಿ ನಿಂತಾಗ, ಇವು ಅವುಗಳನ್ನು ಹತ್ತಿ ದಾಟಿ ದಡ ಸೇರಿದವು. ಮೂರು ದಿನಗಳ ಆ ಕದನದಲ್ಲಿ ಸಾವಿರದಷ್ಟು ಅಮೆರಿಕನ್ನರು ಸತ್ತರು. ಜಪಾನಿನ ಪಾಳೆಯದಲ್ಲಿದ್ದ ಸುಮಾರು 4,700 ಮಂದಿಯಲ್ಲಿ ಬದುಕಿ ಉಳಿದವರು 150ಕ್ಕೂ ಕಡಿಮೆ. ಅವರಲ್ಲಿ ಬಹುಪಾಲು ಕೊರಿಯಾದ ಕೂಲಿಗಳು.

ತಪ್ಪು ಯಂತ್ರದ್ದಲ್ಲ. ಅದನ್ನು ಯಾರ ಕೈಗೆ, ಯಾವ ಕೆಲಸಕ್ಕೆ ಕೊಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಮನೆಗಳ ಮಾಡು ಹತ್ತಿ ಕುಳಿತವರಲ್ಲಿ ಬಡ ಕರಿಯರೇ ಹೆಚ್ಚಾಗಿದ್ದರು. ಆಗ ಅವರ ನೆರವಿಗೆ ಬಂದ ವಾಹನಗಳಲ್ಲಿ ಆಲಿಗೇಟರ್‌ನ ವಂಶಕ್ಕೆ ಸೇರಿದ ಮರೀನ್ ಪಡೆಯ ಉಭಯಚರಗಳೂ ಇದ್ದವು. ಮೊಸಳೆ ತನ್ನ ಹಳೆಯ ಕೆಲಸಕ್ಕೆ ಮರಳಿತ್ತು.

ಆಯ್ಕೆಗೆ ಮುನ್ನ

ಇಂದು ಇಂಥ ವಾಹನಗಳು ಹಲವು ಬಗೆಯವು. ಕೆನಡಾದಲ್ಲಿ 1967ರಿಂದ ತಯಾರಾಗುತ್ತಿರುವ ‘ಆರ್ಗೊ’ಗೆ ಆರು ಅಥವಾ ಎಂಟು ಗಾಲಿಗಳು. ಕಡಿಮೆ ಗಾಳಿಯ ಉಬ್ಬಿದ ಟೈರುಗಳೇ ಕೆಸರಿನಲ್ಲಿ ಭಾರವನ್ನು ಹರಡುತ್ತವೆ, ನೀರಿನಲ್ಲಿ ಹುಟ್ಟು ಹಾಕುತ್ತವೆ. ನಮ್ಮ ಸೈನ್ಯದ ‘ಏಟರ್’ ವಾಹನದ ಗಾಲಿಗಳು ಆಳೆತ್ತರದಷ್ಟಿವೆ. 2025ರ ಪಂಜಾಬಿನ ನೆರೆಯಲ್ಲಿ ಅವು ಜನರನ್ನು ಸಾಗಿಸಿದವು.

ಕೊಳ್ಳುವವರು ಸರಕಾರವಾಗಲಿ, ಕಾಡಂಚಿನ ಪ್ರವಾಸಿಯಾಗಲಿ, ಕೇಳಬೇಕಾದ ಪ್ರಶ್ನೆಗಳು ಡೊನಾಲ್ಡ್ ಕೇಳಿಕೊಂಡವೇ. ದಾರಿಯಲ್ಲಿರುವುದು ನಿಂತ ನೀರೋ, ಹರಿಯುವ ನೀರೋ? ಗಾಲಿಯಿಂದಲೇ ಈಜುವ ವಾಹನ ನೀರಿನಲ್ಲಿ ಮನುಷ್ಯನ ನಡಿಗೆಯಷ್ಟೇ ವೇಗದ್ದು. ಕೆರೆಗೆ ಸಾಕು, ಉಕ್ಕಿ ಹರಿಯುವ ಹೊಳೆಗೆ ಸಾಲದು. ಎಷ್ಟು ಭಾರ ಹೊರಬೇಕು? ನೆಲದ ಮೇಲೆ ಹೊರುವಷ್ಟನ್ನು ನೀರಿನಲ್ಲಿ ಹೊರಲಾಗದು. ಕೆಟ್ಟರೆ ಅಲ್ಲೇ ರಿಪೇರಿ ಮಾಡಬಲ್ಲವರು ಯಾರು? ದಡದ ಕಡಿದಾದ ಮಣ್ಣನ್ನು ಹತ್ತಿ ಹೊರಬರಬಲ್ಲದೇ? ಎಷ್ಟೋ ವಾಹನಗಳು ಸೋಲುವುದು ನೀರಿನ ನಡುವೆಯಲ್ಲ, ದಡದಲ್ಲಿ.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ನಾವು ದಾಟಿದ ಮೇಲೆ ಆ ನೆಲದ ಗತಿಯೇನು? ಅಲಾಸ್ಕಾದ ಮೆತ್ತನೆಯ ಹಿಮಭೂಮಿಯಲ್ಲಿ ವಾಹನಗಳ ಜಾಡು ದಶಕಗಳ ನಂತರವೂ ಮಾಸದೆ ಉಳಿದಿದೆ. ಎಲ್ಲಿಗೂ ಹೋಗಬಲ್ಲ ವಾಹನ ಎಲ್ಲಿಗೂ ಹೋಗಲೇಬೇಕೆಂದಿಲ್ಲ.

2009ರಲ್ಲಿ, 2019ರಲ್ಲಿ ಉತ್ತರ ಕರ್ನಾಟಕದ ನೆರೆಯನ್ನು ಕಂಡವರಿಗೆ ಒಂದು ಮಾತು ಗೊತ್ತು. ನೆರವಿಲ್ಲದೆ ಸಾಯುವುದು ಒಂದು ದುರಂತವಾದರೆ, ನೆರವು ಕಣ್ಣೆದುರೇ ಇದ್ದು ತಲುಪದಿರುವುದು ಇನ್ನೂ ದೊಡ್ಡ ದುರಂತ. ಒಕಿಚೋಬಿಯ ಆ ಗುಂಡಿಯಲ್ಲಿ ಮಲಗಿದವರ ಹೆಸರುಗಳು ನಮಗೆ ತಿಳಿದಿಲ್ಲ. ಆದರೆ ಆ ಸಾವುಗಳು ಒಬ್ಬ ತಂದೆಯನ್ನೂ ಮಗನನ್ನೂ ಒಂದು ಪ್ರಶ್ನೆ ಕೇಳುವಂತೆ ಮಾಡಿದವು: ಅವರ ಬಳಿಗೆ ಹೋಗುವುದು ಹೇಗೆ? ಯಾವ ವಾಹನವನ್ನು ಆರಿಸಬೇಕೆಂಬ ಪ್ರಶ್ನೆ ಬರುವುದು ಇದಾದ ಮೇಲೆ.