ಸಗಣಿಯಿಂದ ನೀರು, ದೀಪ ಕಂಡ ಪುರ

ಅಕ್ಕಂದಿರೇ, ಅತ್ತಿಗೆಯರೇ, ಈಗ ಯಾರ ಹೊಲದ ಕಡೆ ಹೋದ್ರೂ ಸೋಲಾರ್ ಪಂಪಿನ ಮಾತೇ. ಬಿಸಿಲಲ್ಲಿ ನೀರೆತ್ತೋದು ಒಳ್ಳೇದೇ, ನಾನೇನೂ ಬೇಡ ಅನ್ನಲ್ಲ. ಆದ್ರೆ ಅದಕ್ಕೂ ಎಷ್ಟೋ ಮುಂಚೆ ಕೊಟ್ಟಿಗೆ ಸಗಣಿಯಿಂದಲೇ ಕರೆಂಟು ಮಾಡ್ಕೊಂಡ ಊರೊಂದಿತ್ತು. ದೂರದ್ದಲ್ಲ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ.

ಗೋಬರ್ ಗ್ಯಾಸಿನ ಕತೆ ಇನ್ನೂ ಹಳೇದು. 1950ರ ದಶಕದ ಶುರುವಿನಲ್ಲೇ ಜಶಭಾಯಿ ಪಟೇಲ್ ಅನ್ನೋರು ಕಬ್ಬಿಣದ ಡ್ರಮ್ಮು ತೇಲೋ ಗುಂಡಿ ರೂಪಿಸಿದ್ರು. ಗ್ಯಾಸ್ ತುಂಬಿದ್ರೆ ಡ್ರಮ್ಮು ಮೇಲೇಳತ್ತೆ, ಖರ್ಚಾದ್ರೆ ಕೆಳಗಿಳಿಯತ್ತೆ. 1960ರ ದಶಕದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಇದನ್ನ ಹಳ್ಳಿಗಳಿಗೆ ಮುಟ್ಟಿಸ್ತು. ಆದ್ರೆ ಗುಂಡಿಗೆ ದಿನಾ ಸಗಣಿ ಬೇಕು. ಕೊಟ್ಟಿಗೆ ತುಂಬ ದನ ಇದ್ದೋರಿಗೆ ಸರಿ, ಒಂದೇ ಹಸು ಕಟ್ಟಿರೋಳು ಏನು ಮಾಡ್ಬೇಕು?

ಊರಿನೋರೆಲ್ಲ ಸೇರಿ ಒಂದು ಕಡೆ ಹಾಕಿದ್ರೆ ಅವಳಿಗೂ ಪಾಲು ಸಿಗತ್ತೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೋಸ್ಕರ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರು. ಆ ಕೇಂದ್ರದೋರು ಪುರದಲ್ಲಿ ಊರೊಟ್ಟಿನ ಗುಂಡಿ ಕಟ್ಟಿಸಿದ್ರು. ಮೊದಲು ಮನೆಮನೆಗೂ ಅಡಿಗೆ ಗ್ಯಾಸ್ ಕೊಡೋಣ ಅಂತಿತ್ತು. ಸಿಕ್ಕ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಊರೋರಿಗೂ ಮುಖ್ಯವಾಗಿ ಬೇಕಿದ್ದದ್ದು ಕುಡಿಯೋ ನೀರು. ಹಾಗಾಗಿ 1987ರಲ್ಲಿ ದಾರಿ ಬದಲಾಯ್ತು. ಗ್ಯಾಸನ್ನ ಸ್ವಲ್ಪ ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು 5 ಕಿಲೋವ್ಯಾಟ್ ಕರೆಂಟು ತೆಗೆದ್ರು. ಬೋರಿನ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ಟ್ಯೂಬ್‌ಲೈಟ್ ಹತ್ತಿತು.

ಸಗಣಿ ಕೊಟ್ಬಿಟ್ರೆ ರಾಗಿ ಹೊಲಕ್ಕೇನು ಹಾಕೋದು ಅಂತ ನೀವು ಕೇಳ್ತೀರ. ಅದೇ ಇದರ ಚಂದ. ಗುಂಡಿಯಿಂದ ಬಂದ ಬಗ್ಗಡವನ್ನ ಮರಳಿನ ಮೇಲೆ ಸೋಸಿ, ಯಾರು ಎಷ್ಟು ಸಗಣಿ ತಂದಿದ್ರೋ ಅದರ ಲೆಕ್ಕಕ್ಕೆ ಗೊಬ್ಬರ ವಾಪಸ್ ಕೊಡ್ತಿದ್ರು. ಗ್ಯಾಸಾಗಿ ಹೋಗೋದು ಇಂಗಾಲ. ಪೈರಿಗೆ ಬೇಕಾದ ಸಾರಜನಕ ಗೊಬ್ಬರದಲ್ಲೇ ಉಳಿಯತ್ತೆ. ಬೆರಣಿ ತಟ್ಟಿ ಉರಿಸಿದ್ರೆ ಅದೂ ಹೊಗೆಯಲ್ಲೇ ಹೋಯ್ತು.

ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು. ಸಗಣಿ ಹೊತ್ತು ತರ್ತಿದ್ದೋರು ಹೆಚ್ಚಿಗೆ ಹೆಂಗಸರು, ಮಕ್ಕಳು. ಅವರಿಗೆ ಕೆಜಿಗೆ 2 ಪೈಸೆ ಹೊರೋ ಕೂಲಿ ಇಟ್ಟಿದ್ರು. 50 ಕೆಜಿ ಹೊತ್ರೆ 1 ರೂಪಾಯಿ. ಕಮ್ಮಿನೇ, ಬಿಡಿ. ಆದ್ರೆ ತಲೆಮಾರುಗಳಿಂದ ಪುಕ್ಕಟೆ ಅಂತ ನಡ್ಕೊಂಡು ಬಂದ ಕೆಲಸ ಲೆಕ್ಕದ ಪುಸ್ತಕಕ್ಕೆ ಬಂತಲ್ಲ!

ಒಲೆ ಹೊಗೆ ಮಾತ್ರ ಆ ಗ್ಯಾಸಿನಿಂದ ತಪ್ಪಲಿಲ್ಲ. ಅದಕ್ಕೆ ಅದೇ ಕೇಂದ್ರದೋರು ಹೊಗೆಕೊಳವೆ ಇರೋ, ಮೂರು ಪಾತ್ರೆ ಕೂರೋ ಅಸ್ತ್ರ ಒಲೆ ಮಾಡಿದ್ರು.

ನಾಳೆ ನಿಮ್ಮ ಹೊಲಕ್ಕೆ ಸೋಲಾರೇ ಬರ್ಲಿ, ಗ್ಯಾಸೇ ಬರ್ಲಿ, ಸಬ್ಸಿಡಿ ಎಷ್ಟು ಅಂತ ಕೇಳೋದ್ರ ಜೊತೆ ಇದನ್ನೂ ಕೇಳಿ: ಇದರಿಂದ ಯಾರ ತಲೆ ಮೇಲಿನ ಹೊರೆ ಇಳಿಯತ್ತೆ, ಯಾರ ತಲೆ ಮೇಲೆ ಏರತ್ತೆ?