ಅವಕೆಂಪು ಚಿತ್ರಗಳಲ್ಲಿ ಹಿನ್ನೆಲೆ ವ್ಯವಕಲನ (ಗೆಲಾಕ್ಸಿಗಳ ಅಧ್ಯಯನದಲ್ಲಿ)

ಭೂಮಿಯಿಂದ ತೆಗೆದ ಗೆಲಾಕ್ಸಿಯ ಅವಕೆಂಪು ಚಿತ್ರದಲ್ಲಿ ದಾಖಲಾಗುವ ಬೆಳಕಿನ ಬಹುಪಾಲು ಆ ಗೆಲಾಕ್ಸಿಯದಲ್ಲ. 1.6 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ಸುಮಾರು 90 ಕಿ.ಮೀ. ಎತ್ತರದಲ್ಲಿರುವ ಹೈಡ್ರಾಕ್ಸಿಲ್ ಅಣುಗಳು ಸೂಸುವ ವಾಯುದೀಪ್ತಿಯೂ, 10 ಮೈಕ್ರಾನ್ ಬಳಿ ವಾಯುಮಂಡಲ ಮತ್ತು ದೂರದರ್ಶಕಗಳ ಉಷ್ಣ ವಿಕಿರಣವೂ ಅದನ್ನು ಮುಚ್ಚಿಬಿಡುತ್ತವೆ. ಈ ಪರಕೀಯ ಬೆಳಕನ್ನು ಅಳೆದು ತೆಗೆಯುವ ಕ್ರಿಯೆಯೇ ಹಿನ್ನೆಲೆ ವ್ಯವಕಲನ.

1961ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಲೋ ಜರ್ಮೇನಿಯಂ ಬೋಲೋಮೀಟರನ್ನು, ಅಂದರೆ ವಿಕಿರಣದ ಶಾಖವನ್ನು ಅಳೆಯುವ ಸಂವೇದಕವನ್ನು, ರೂಪಿಸಿದ ಬಳಿಕ ಬೆಳೆದ ವಿಧಾನದಲ್ಲಿ, ಉಪಕರಣವು ಆಕಾಶಕಾಯವನ್ನೂ ಪಕ್ಕದ ಬರಿಯ ಆಕಾಶವನ್ನೂ ಸೆಕೆಂಡಿಗೆ ಹಲವು ಬಾರಿ ಅದಲುಬದಲಾಗಿ ನೋಡಿ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ನಕ್ಷತ್ರಗಳಿಗೆ ಒಪ್ಪಿದ ಈ ಉಪಾಯ ವಿಸ್ತಾರವಾದ ಗೆಲಾಕ್ಸಿಗಳಿಗೆ ಒಗ್ಗಲಿಲ್ಲ; ಬರಿಯ ಆಕಾಶವೆಂದುಕೊಂಡ ಜಾಗದಲ್ಲೂ ಗೆಲಾಕ್ಸಿಯ ಹೊರವಲಯವೇ ಇದ್ದರೆ ಗೆಲಾಕ್ಸಿಯಿಂದ ಗೆಲಾಕ್ಸಿಯನ್ನೇ ಕಳೆದಂತಾಗುತ್ತಿತ್ತು. 1983ರ ಐರಾಸ್ ಅವಕೆಂಪು ಉಪಗ್ರಹ ವಾಯುಮಂಡಲವನ್ನು ದಾಟಿತಾದರೂ, ಸೌರವ್ಯೂಹದ ದೂಳಿನ ಬೆಳಕು ಮತ್ತು ಕ್ಷೀರಪಥದ ದೂಳಿನ ತೆಳುವಾದ ಎಳೆಗಳು ಹೊಸ ಹಿನ್ನೆಲೆಯಾಗಿ ಎದುರಾದವು.

ಸಮಸ್ಯೆಯ ಸೂಕ್ಷ್ಮ ಬಯಲಾದದ್ದು 1997ರಿಂದ 2001ರವರೆಗೆ ಅರಿಜೋನಾ ಮತ್ತು ಚಿಲಿಗಳ 1.3 ಮೀಟರ್ ದೂರದರ್ಶಕಗಳಿಂದ ನಡೆದ, ಇಡೀ ಆಕಾಶದ ಅವಕೆಂಪು ಸಮೀಕ್ಷೆಯಾದ ಟೂಮಾಸ್‌ನಲ್ಲಿ. ಆಕಾಶದ ಪ್ರತಿ ಬಿಂದುವಿಗೆ ದೊರೆತದ್ದು 7.8 ಸೆಕೆಂಡುಗಳ ಒಡ್ಡಿಕೆ ಮಾತ್ರ; ವಾಯುದೀಪ್ತಿಯಾದರೋ ನಿಮಿಷಗಳಲ್ಲಿ ಬದಲಾಗುವಂಥದ್ದು. ಆದ್ದರಿಂದ ನಕ್ಷತ್ರ, ಗೆಲಾಕ್ಸಿಗಳನ್ನು ಮರೆಮಾಡಿ, ಉಳಿದ ಆಕಾಶಕ್ಕೆ ಘನಬಹುಪದವೊಂದನ್ನು, ಅಂದರೆ ಮೂರನೆಯ ಘಾತದವರೆಗಿನ ಗಣಿತಸೂತ್ರವನ್ನು, ಹೊಂದಿಸಿ ಕಳೆಯಲಾಯಿತು. ಸೂತ್ರ ತೀರ ಸರಳವಾದರೆ ವಾಯುದೀಪ್ತಿಯ ಅಲೆಗಳು ಉಳಿಯುತ್ತವೆ, ತೀರ ಬಾಗುವಂಥದ್ದಾದರೆ ಆಕಾಶಕ್ಕಿಂತ ನೂರಾರು ಪಟ್ಟು ಮಸುಕಾದ ಗೆಲಾಕ್ಸಿಯ ಅಂಚನ್ನೇ ಅದು ನುಂಗುತ್ತದೆ. ಇವೆರಡರ ನಡುವಿನ ಆಯ್ಕೆಯಲ್ಲಿ ಗಣಿತಕ್ಕಿಂತ ಖಗೋಳಜ್ಞರ ವಿವೇಚನೆಯೇ ದೊಡ್ಡದೆನ್ನಬೇಕು. ಚಿತ್ರದ ಚೌಕಟ್ಟನ್ನೇ ಮೀರುವ ಬೃಹತ್ ಗೆಲಾಕ್ಸಿಗಳಿಗಾಗಿ 2003ರಲ್ಲಿ ಪ್ರತ್ಯೇಕ ಚಿತ್ರಕೋಶವನ್ನೇ ಸಿದ್ಧಪಡಿಸಬೇಕಾಯಿತು. 2011ರಲ್ಲಿ ಖಗೋಳಜ್ಞ ಜೇಮ್ಸ್ ಶಾಂಬರ್ಟ್ ಟೂಮಾಸ್ ಚಿತ್ರಗಳನ್ನೇ ಮತ್ತೆ ಅಳೆದು, ಆ ಸಮೀಕ್ಷೆಯ ಪಟ್ಟಿಯಲ್ಲಿ ಗೆಲಾಕ್ಸಿಗಳ ಒಟ್ಟು ಬೆಳಕು ಶೇ. 10ರಿಂದ 40ರಷ್ಟು ಕಡಿಮೆಯಾಗಿ ದಾಖಲಾಗಿದೆಯೆಂದೂ, ಗೆಲಾಕ್ಸಿಗಳ ವ್ಯಾಪ್ತಿಯನ್ನು ತಪ್ಪಾಗಿ ನಿರ್ಧರಿಸಿದ್ದೇ ಇದಕ್ಕೆ ಕಾರಣವೆಂದೂ ವಾದಿಸಿದರು. ನಿಗದಿತ ಅಳತೆಯ ವೃತ್ತದೊಳಗಿನ ಬೆಳಕನ್ನು ಮಾತ್ರ ಅವರು ಸರಿಯೆಂದೇ ಒಪ್ಪಿದರು.

ವಾಯುಮಂಡಲದಾಚೆಗೆ 2003ರಲ್ಲಿ ಹಾರಿದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದಿಂದ 2,300ಕ್ಕೂ ಹೆಚ್ಚು ಗೆಲಾಕ್ಸಿಗಳ ಹೊರವಲಯಗಳನ್ನು 3.6 ಮತ್ತು 4.5 ಮೈಕ್ರಾನ್‌ಗಳಲ್ಲಿ ಅಳೆಯುವುದು ಸಾಧ್ಯವಾಯಿತು. 2021ರ ಡಿಸೆಂಬರಿನಲ್ಲಿ ಉಡಾಯಿಸಿದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿಯೂ ದಾರಿತಪ್ಪಿ ನುಸುಳಿದ ಬೆಳಕಿನ ಹೊಗೆಯಂಥ ಎಳೆಗಳು ಮೂಡುತ್ತವೆ. ಅವು ಸಂವೇದಕದ ನಿರ್ದಿಷ್ಟ ಜಾಗಗಳಲ್ಲೇ ಕಾಣುವುದರಿಂದ ಮಾದರಿಯೊಂದನ್ನು ರಚಿಸಿ ಕಳೆಯಬಹುದಾದರೂ, ಅವುಗಳ ಹೊಳಪು ಚಿತ್ರದಿಂದ ಚಿತ್ರಕ್ಕೆ ಬೇರೆಯಾಗುವ ಕಾರಣ ಆ ಮಾದರಿಯನ್ನು ಪ್ರತಿ ಸಲವೂ ಹೊಸದಾಗಿ ಹೊಂದಿಸಬೇಕಾಗುತ್ತದೆ.