ಶಾಗ್ಯ ಸೀಮೆಯ ಗುಡುಗು-ಬಿರುಗಾಳಿ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಶಾಗ್ಯ ಹಾಗೂ ಕೊಳ್ಳೇಗಾಲ, ಯಳಂದೂರು ಸುತ್ತಿನ ಬಯಲಿನಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ, ಮಧ್ಯಾಹ್ನದ ನಂತರ ಏಳುವ ಸಿಡಿಲು-ಗಾಳಿ ಸಹಿತ ಮಳೆ. ಕಾದ ನೆಲದ ತೇವಗಾಳಿ ಮೇಲೇರಿ ಗುಡುಗುಮೋಡವಾಗುತ್ತದೆ. ಮಳೆಯಿಂದ ತಂಪಾಗಿ ಭಾರವಾದ ಗಾಳಿ ಕೆಳಗೆ ಧುಮುಕಿ ನೆಲದುದ್ದಕ್ಕೂ ಹರಡುತ್ತದೆ. ಹಾನಿ ಮಾಡುವುದು ಹೆಚ್ಚಾಗಿ ಈ ಇಳಿಗಾಳಿಯೇ. ಮೊದಲು ಬಲಿಯಾಗುವುದು ಬಾಳೆ: ಬೇರು ಆಳಕ್ಕಿಳಿಯದ, ಗೊನೆ ಹೊತ್ತ ಗಿಡ ಕೆಲವೇ ನಿಮಿಷಗಳಲ್ಲಿ ಮಲಗಿ, ರೈತನ ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಶೀಟಿನ ಚಾವಣಿ, ವಿದ್ಯುತ್ ಕಂಬಗಳೂ ಉರುಳುತ್ತವೆ.

ಭಾರತ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಜಿಲ್ಲಾವಾರು ಎಚ್ಚರಿಕೆ ನೀಡುತ್ತದೆ. ಮುಂದಿನ 3 ಗಂಟೆಗಳ ತಕ್ಷಣದ ಮುನ್ಸೂಚನೆಯೂ ಇದೆ. ಹೋಲಿಕೆಗೆ, ಅಮೆರಿಕದಲ್ಲಿ ಗಾಳಿ ಗಂಟೆಗೆ ಸುಮಾರು 93 ಕಿ.ಮೀ. ಮುಟ್ಟುವ ಸಂಭವವಿದ್ದರೆ ತೀವ್ರ ಗುಡುಗುಮಳೆಯ ಎಚ್ಚರಿಕೆ ಹೊರಡುತ್ತದೆ. ಆದರೆ ಬಾಳೆತೋಟಕ್ಕೆ ಅದಕ್ಕಿಂತ ಕಡಿಮೆ ವೇಗವೂ ಸಾಕು, ಹಾಗಾಗಿ ಹಳದಿ ಸೂಚನೆಯನ್ನೂ ಇಲ್ಲಿ ಹಗುರವಾಗಿ ಕಾಣಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಸುಳಿವು ಕೊಡುತ್ತದೆ.

ಗುಡುಗು ಕೇಳಿದೊಡನೆ ಹೊಲ ಬಿಟ್ಟು ಗಟ್ಟಿ ಕಟ್ಟಡ ಸೇರಬೇಕು, ಕಿಟಕಿಯಿಂದ ದೂರವಿರಬೇಕು. ಹುಣಸೆ, ಬೇವು, ತೆಂಗಿನ ಮರದಡಿ ನಿಲ್ಲುವುದು, ದನ ಕಟ್ಟುವುದು ಅಪಾಯ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಬೇಕು. ಬಾಳೆಗೆ ಊರುಗೋಲನ್ನು ಮೋಡ ಕಾಣುವ ಮೊದಲೇ ಕೊಟ್ಟಿರಬೇಕು. ತುಂಡಾಗಿ ಬಿದ್ದ ತಂತಿಯನ್ನು ಯಾರೂ ಮುಟ್ಟದಂತೆ ಕಾದು, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.